ಕಿವಿಯ ಮೇಲಿನ ತುಕ್ಕು

ಬೆಳಿಗ್ಗೆ ಎಂಟಕ್ಕೆ ಕೂಲಿಯವರೆಲ್ಲ ಹಾಜರಿಗೆ ಸಾಲು ನಿಲ್ಲುವ ಹೊತ್ತಿಗೆ ಮೇಸ್ತ್ರಿಯ ಬಲಗಿವಿಯ ಮೇಲೆ ತುಕ್ಕಿನ ಒಂದು ಗೆರೆ ಬಿದ್ದಾಗಿರುತ್ತಿತ್ತು. ಮೇಲಂಚಿನಿಂದ ಹಾಲೆಯವರೆಗೆ, ಯಾರೋ ಇಟ್ಟಿಗೆ ಪುಡಿಯಲ್ಲಿ ಬೆರಳದ್ದಿ ಎಳೆದ ಹಾಗೆ. ಮಧ್ಯಾಹ್ನ ರೊಟ್ಟಿಗೆ ಕೂರುವ ಮೊದಲು ಅವರು ಕೈ ತೊಳೆಯುತ್ತಿದ್ದರು, ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದರು. ಕಿವಿಯ ತಂಟೆಗೆ ಹೋಗುತ್ತಿರಲಿಲ್ಲ. ಸಂಜೆ ಟಿನ್ನಿನ ಜೋಪಡಿಗೆ ಹೋಗುವಾಗಲೂ ಆ ಗೆರೆ ಅಲ್ಲೇ ಇರುತ್ತಿತ್ತು.

ಅವರು ಸಾರುವೆಯ ಮೇಸ್ತ್ರಿ. ಏಳುತ್ತಿರುವ ಕಟ್ಟಡದ ಹೊರಮೈಗೆ ಕಬ್ಬಿಣದ ಪೈಪುಗಳನ್ನು ಅಡ್ಡ ಉದ್ದ ಕಟ್ಟಿ, ಮೇಲೆ ಹಲಗೆ ಹಾಸಿ, ಗೋಡೆಗೆ ಗಾರೆ ಬಳಿದು ಗಿಲಾವು ಮಾಡುವವರಿಗೆ ನಿಲ್ಲಲು ಜಾಗ ಮಾಡಿಕೊಡುವ ಕೆಲಸ. ಎರಡು ಪೈಪು ಕೂಡುವಲ್ಲೆಲ್ಲ ಒಂದು ಕ್ಲಾಂಪು ಇರುತ್ತದೆ. ಅಂಗೈಯಗಲದ ಕಬ್ಬಿಣದ ಹಿಡಿ ಅದು. ನಟ್ಟು ಬಿಗಿದರೆ ಎರಡೂ ಪೈಪನ್ನು ಕಚ್ಚಿ ಹಿಡಿಯುತ್ತದೆ. ಒಂದು ಕಟ್ಟಡಕ್ಕೆ ಅಂಥವು ಸಾವಿರಾರು ಬೇಕು. ಮೇಸ್ತ್ರಿ ದಿನಾ ಬೆಳಿಗ್ಗೆ, ಬೇರೆ ಯಾರೂ ಹತ್ತುವ ಮೊದಲು, ನಟ್ಟು ಬಿಗಿಯುವ ಪಾನಾ ಹಿಡಿದು ಒಬ್ಬರೇ ಮೇಲೇರುತ್ತಿದ್ದರು. ಪೈಪಿಗೆ ಕಿವಿ ಆನಿಸಿ ಕ್ಲಾಂಪಿಗೆ ಪಾನಾದಿಂದ ಒಂದೇಟು ಹಾಕುತ್ತಿದ್ದರು. ಬಿಗಿಯಾಗಿದ್ದರೆ ಟಣ್ ಎನ್ನುತ್ತಿತ್ತು. ಸಡಿಲವಾಗಿದ್ದರೆ ಅಥವಾ ಒಳಗೆಲ್ಲೋ ಬಿರುಕು ಬಿಟ್ಟಿದ್ದರೆ, ಥಪ್. ಕಿವಿಯ ಮೇಲಿನ ಗೆರೆ ಆ ಪೈಪುಗಳದ್ದು.

ಇದನ್ನೆಲ್ಲ ಈಗ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ. ಆಗ ನನಗೆ ಗೊತ್ತಿರಲಿಲ್ಲ. ಆಗ ಆ ಗೆರೆಯನ್ನು ನೋಡಿ ನಾನು ಅಂದುಕೊಂಡದ್ದು, ಈ ಮನುಷ್ಯ ಸರಿಯಾಗಿ ಸ್ನಾನ ಮಾಡುವುದಿಲ್ಲ ಎಂದು.

ಹೈದರಾಬಾದಿನ ಪಶ್ಚಿಮದ ಬಂಡೆಗಳನ್ನು ಸಿಡಿಸಿ ಸಾಫ್ಟ್‌ವೇರ್ ಕಂಪನಿಗಳಿಗೆ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ವರ್ಷಗಳು ಅವು. ನಾನು ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಅಂಥದೊಂದು ಕಟ್ಟಡದಲ್ಲಿ ಸುರಕ್ಷತೆಯ ಮೇಲ್ವಿಚಾರಕಿಯಾಗಿ ಸೇರಿದ್ದೆ. ಮನೆ ಊರಿನ ಪೂರ್ವದ ಕುಷಾಯಿಗೂಡದಲ್ಲಿ. ಅಪ್ಪನಿಗೆ ಅಲ್ಲಿನ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ; ಧಾರವಾಡ ಬಿಟ್ಟು ಬಂದವರು. ಮನೆಯೊಳಗೆ ಕನ್ನಡ. ಹೊಸ್ತಿಲು ದಾಟುವಾಗ ಚಪ್ಪಲಿ ಹಾಕಿಕೊಂಡು ಕನ್ನಡವನ್ನು ಅಲ್ಲೇ ಬಿಟ್ಟು ಹೊರಡುವುದು ನಮಗೆಲ್ಲ ರೂಢಿ. ಕೆಲಸಕ್ಕೆ ಸೇರಿದ ಮೊದಲ ದಿನವೇ ಮ್ಯಾನೇಜರು ಹೇಳಿದ್ದರು: ಕೂಲಿಯವರ ಭಾಷೆ ಬಂದರೂ ಬರುತ್ತದೆಂದು ತೋರಿಸಬೇಡ, ತಲೆಯ ಮೇಲೆ ಕೂರುತ್ತಾರೆ. ನಾನು ತೋರಿಸಲಿಲ್ಲ. ಯಾದಗಿರಿ, ಚಿತ್ತಾಪುರ ಕಡೆಯ ಅರವತ್ತು ಎಪ್ಪತ್ತು ಜನ ಅಲ್ಲಿದ್ದರು. ಅವರ ಜೊತೆ ಹಿಂದಿಯಲ್ಲೇ ಮಾತಾಡಿದೆ. ಅವರು ತಮ್ಮೊಳಗೆ ಕನ್ನಡದಲ್ಲಿ ಆಡಿಕೊಂಡದ್ದನ್ನೆಲ್ಲ ಮುಖ ಗಂಟಿಕ್ಕಿಕೊಂಡು ಕೇಳಿಸಿಕೊಂಡೆ.

ಬಹಳ ಕೇಳಿಸಿಕೊಂಡೆ. ಚಹಾದ ಹೊತ್ತಿಗೆ ಮೇಸ್ತ್ರಿಯನ್ನು ಕೆಣಕುವುದು ಆ ಗುಂಪಿನ ನಿತ್ಯದ ಆಟ. ಮೇಸ್ತ್ರಿ ಕೂರುವ ಮೊದಲು ಬೆಂಚನ್ನು ತಾವೇ ಅಲ್ಲಾಡಿಸಿ ನೋಡುತ್ತಿದ್ದರು. ಹೊಸ ಹಗ್ಗ ಬಂದರೆ ಮೂಸಿ ನೋಡುತ್ತಿದ್ದರು. ಗೋದಾಮಿನಲ್ಲಿ ನೀರು ಕುಡಿದ ಹಗ್ಗಕ್ಕೆ ಬೇರೆ ವಾಸನೆ ಇರುತ್ತದಂತೆ. ಸಾಮಾನು ಏರಿಸುವ ಯಂತ್ರದ ತೊಟ್ಟಿಯಲ್ಲಿ ಒಮ್ಮೆಯೂ ಕಾಲಿಟ್ಟವರಲ್ಲ, ಎಂಟನೆಯ ಮಹಡಿಗೂ ನಡೆದೇ ಹತ್ತುವುದು. ಹೆಲ್ಮೆಟ್ಟನ್ನು ಎರಡೂ ಅಂಗೈ ನಡುವೆ ಒತ್ತಿ, ಅದು ಕಿರುಗುಟ್ಟಿದರೆ ವಾಪಸ್.

"ಮೇಸ್ತ್ರಿ," ಎನ್ನುತ್ತಿದ್ದ ಶರಣಪ್ಪ. ಗಿಲಾವಿನ ಕೆಲಸದವನು, ಮಾತಿನ ಮಲ್ಲ. "ನಿಮ್ಮ ಮದವ್ಯಾಗ ತಾಳಿ ಕಟ್ಟೂಕಿಂತ ಮದ್ಲ ಒಂದ ಸಲ ಬಡದು ನೋಡಿದ್ರಂತ, ಖರೇನೇನ್ರಿ?"

"ನೋಡಿದ್ದೆ. ಗಟ್ಟಿ ಇತ್ತು, ಅದಕ್ಕ ಮೂವತ್ತ ವರ್ಷ ಬಾಳಿಕಿ ಬಂದೈತಿ. ನೀ ನೋಡ್ಲಾರ್ದ ಕಟ್ಟಿದಿ. ಈಗ ಆಕಿ ತವರಮನ್ಯಾಗ, ನೀ ಇಲ್ಲಿ ನನ್ನ ಮುಂದ."

ಎಲ್ಲರೂ ನಕ್ಕರು. ಬಣ್ಣದ ಬಗ್ಗೆ ಮೇಸ್ತ್ರಿಯದೊಂದು ಮಾತಿತ್ತು: "ಕಬ್ಬಣ ಸುಳ್ಳ ಹೇಳಾಂಗಿಲ್ಲ. ಬಣ್ಣ ಹೇಳತೈತಿ." ಇನ್ನೊಂದು, "ನಿನ್ನಿ ಕಟ್ಟಿದ್ದು ನಿನ್ನಿಗಿ ಆತು." ಇವು ದೊಡ್ಡ ಮಾತುಗಳೆಂದು ನನಗೆ ಆಗ ಅನಿಸಿರಲಿಲ್ಲ. ಏಕೆಂದರೆ ಅದೇ ಬೆಂಚಿನ ಮೇಲೆ ಕೂತು, ಅದೇ ದನಿಯಲ್ಲಿ, ಅವರು ನನ್ನ ಬಗ್ಗೆಯೂ ಒಂದು ಮಾತು ಹೇಳಿದ್ದರು. "ಈ ಮೇಡಂ ಸದಾ ಏನ ಬರೀತಾಳೋ?" ಎಂದು ಯಾರೋ ಕೇಳಿದರು. ನಾನು ಹತ್ತಡಿ ದೂರದಲ್ಲಿ, ಗೋದಾಮಿನ ಗುಮಾಸ್ತನ ಜೊತೆ ಚಹಾ ಕುಡಿಯುತ್ತಿದ್ದೆ. ಮೇಸ್ತ್ರಿ ನನ್ನ ಕಡೆ ತಿರುಗದೆಯೇ ಹೇಳಿದರು, "ನೆಲದ ಮ್ಯಾಲ ನಿಂತು ಆಕಾಶದ ಹಾಜರಿ ತಗೋತಾಳ."

ಆ ಮಾತು ನಾಟಿತು. ಅದು ನಿಜವಾಗಿತ್ತು. ಸಾರುವೆಯ ತಪಾಸಣೆಯ ಪುಸ್ತಕದಲ್ಲಿ ದಿನಾ ಸಹಿ ಹಾಕುವುದು ನನ್ನ ಕೆಲಸ. ನಾನು ಕೆಳಗೆ ನಿಂತು, ಕತ್ತೆತ್ತಿ ನೋಡಿ, ಹಳದಿ ಬಣ್ಣದ ಕ್ಲಾಂಪುಗಳು ಸಾಲಾಗಿ ಕಂಡರೆ ಗುರುತು ಹಾಕುತ್ತಿದ್ದೆ. ಅವತ್ತಿನಿಂದ ಮೇಸ್ತ್ರಿಯ ಮೇಲೆ ಒಂದು ಕಣ್ಣಿಟ್ಟೆ. ಅವಮಾನವಾದವರು ಇಡುವ ಕಣ್ಣು ನ್ಯಾಯವಾದ ಕಣ್ಣಲ್ಲ ಎಂದು ತಿಳಿಯಲು ನನಗೆ ಇನ್ನೂ ಎರಡು ತಿಂಗಳು ಬೇಕಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಗೋದಾಮಿನ ಗುಮಾಸ್ತ ನನ್ನ ಕಿವಿಗೆ ಒಂದು ಸುದ್ದಿ ಹಾಕಿದ. ಕ್ಲಾಂಪುಗಳು ಕಡಿಮೆಯಾಗುತ್ತಿವೆ. ಹೋದವು ವಾಪಸ್ ಬರುತ್ತಿಲ್ಲ. ಯಾರೋ ಗುಜರಿಗೆ ಹಾಕುತ್ತಿದ್ದಾರೆ. ಯಾರೆಂದು ಅವನು ಹೇಳಲಿಲ್ಲ. ಸಾರುವೆಯ ಕಡೆ ಒಮ್ಮೆ ನೋಡಿದ.

ಮರುದಿನ ನಾನು ಏಳು ಗಂಟೆಗೆ ಮುಂಚೆಯೇ ಹೋದೆ. ಮೇಸ್ತ್ರಿ ಮೂರನೆಯ ಮಹಡಿಯ ಹೊರಗಿದ್ದರು. ಒಂದು ಕ್ಲಾಂಪನ್ನು ಬಿಚ್ಚಿದರು, ಸೊಂಟದ ಚೀಲದಿಂದ ಬೇರೆಯದು ತೆಗೆದು ಅಲ್ಲಿ ಬಿಗಿದರು, ಬಿಚ್ಚಿದ್ದನ್ನು ಖಾಲಿ ಸಿಮೆಂಟ್ ಚೀಲಕ್ಕೆ ಹಾಕಿದರು. ಹೀಗೆ ನಾಲ್ಕೈದು. ಆಮೇಲೆ ಇಳಿದು, ಆ ಕಡೆ ಈ ಕಡೆ ನೋಡಿ, ಚೀಲ ಹೆಗಲಿಗೇರಿಸಿಕೊಂಡು ಹಿಂದಿನ ಕಾಂಪೌಂಡಿನ ಕಡೆ ನಡೆದರು. ಆ ಗೋಡೆಯ ಪಾಯಕ್ಕೆ ಆಗಷ್ಟೇ ಮಣ್ಣು ತುಂಬುತ್ತಿದ್ದರು. ಗೋಡೆಯಾಚೆ ರಸ್ತೆ. ರಸ್ತೆಯಲ್ಲಿ ಗುಜರಿಯವರ ತಳ್ಳುಗಾಡಿಗಳು ಓಡಾಡುತ್ತವೆ. ಅವರು ಬರಿಗೈಲಿ ವಾಪಸ್ ಬಂದರು.

ನನಗೆ ಅಷ್ಟು ಸಾಕಾಯಿತು. ಹಿಂದೆ ಹೋಗಿ ನೋಡಲಿಲ್ಲ. ಕೇಳಲೂ ಇಲ್ಲ. ಕಚೇರಿಗೆ ಹೋಗಿ ಇಂಗ್ಲಿಷಿನಲ್ಲಿ ಆರು ಸಾಲು ಬರೆದೆ: ಸಾರುವೆಯ ಮೇಸ್ತ್ರಿ ಕೆಲಸದ ವೇಳೆಗೆ ಮುಂಚೆ ಒಬ್ಬನೇ ಹತ್ತಿ, ಕಟ್ಟಿದ ಕ್ಲಾಂಪುಗಳನ್ನು ಬಿಚ್ಚಿ ಹೊರಗೆ ಸಾಗಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಬರೆದು ಮುಗಿಸಿದಾಗ ನೆಲದ ಮೇಲೆ ನಿಂತು ಆಕಾಶದ ಹಾಜರಿ ತೆಗೆದುಕೊಳ್ಳುವವಳು ಏನು ಮಾಡಬಲ್ಲಳು ನೋಡು ಎಂಬ ಸಣ್ಣ ಖುಷಿಯೂ ಇತ್ತು. ಅದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಮ್ಯಾನೇಜರು ಅವರನ್ನು ಕರೆಸಿ, ಇನ್ನು ಎಂಟು ಗಂಟೆಗೆ ಮುಂಚೆ ಸಾರುವೆ ಹತ್ತುವಂತಿಲ್ಲ, ಗುಮಾಸ್ತನ ಚೀಟಿ ಇಲ್ಲದೆ ಒಂದು ನಟ್ಟನ್ನೂ ಮುಟ್ಟುವಂತಿಲ್ಲ ಎಂದರು. ಮೇಸ್ತ್ರಿ ಹೊರಗೆ ಬರುವಾಗ ನನ್ನ ಮುಂದೆ ನಿಂತು, ತಮ್ಮ ಹರಕು ಹಿಂದಿಯಲ್ಲಿ, "ಅಚ್ಛಾ ಲಿಖೇ, ಮೇಡಂ" ಎಂದರು. ಚೆನ್ನಾಗಿ ಬರೆದಿರಿ.

ಎರಡು ದಿನ ಅವರ ಕಿವಿ ಸ್ವಚ್ಛವಾಗಿತ್ತು.

ಎರಡನೆಯ ದಿನ ಚಹಾದ ಹೊತ್ತಿಗೆ ಅವರು ಶರಣಪ್ಪನಿಗೆ ಹೇಳಿದ್ದನ್ನು ನಾನು ಕೇಳಿದೆ. "ಹಿಂದಿನ ಮೂಲಿಗಿ ಹತ್ತಬ್ಯಾಡೋ. ಆ ಬಾಜೂಕ ನಿನ್ನಿ ಹತ್ತಾಕ ಬಿಟ್ಟಿಲ್ಲ ನನಗ. ಅಲ್ಲಿ ಏನ ಹಾಕ್ಯಾರೋ, ಯಾರ ಬಿಗದಾರೋ, ನನಗ ಗೊತ್ತಿಲ್ಲ."

"ನೀವು ನೋಡ್ಲಿಲ್ಲಂದ್ರ ನಾವ್ ಕೂಲಿ ಬಿಟ್ಟು ಕುಂದ್ರಬೇಕೇನ್ರಿ?"

"ಕುಂದ್ರು."

"ಹಾಂ, ಕುಂದ್ರತೀನಿ. ಮ್ಯಾನೇಜರ್ ಬಂದು ಕಾಲ ಒತ್ತತಾನ."

ನಾನು ಹತ್ತಡಿ ದೂರದಲ್ಲೇ ಇದ್ದೆ. ಒಂದೊಂದು ಅಕ್ಷರವೂ ಅರ್ಥವಾಗಿತ್ತು. ನನಗೆ ಅನಿಸಿದ್ದು, ನೋಡು, ಕಳ್ಳತನ ಹೊರಬಿದ್ದದ್ದಕ್ಕೆ ಸೇಡು, ಕೆಲಸ ನಿಲ್ಲಿಸಲು ಹೆದರಿಸುತ್ತಿದ್ದಾನೆ. ಎದ್ದು ಹೋಗಿ 'ಯಾಕ್ರಿ, ಅಲ್ಲಿ ಏನಾಗೈತಿ?' ಎಂದು ಮನೆಯಲ್ಲಿ ಅಪ್ಪನನ್ನು ಕೇಳುವ ಹಾಗೆ ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದರೆ ಕನ್ನಡ ಬರುತ್ತದೆಂದು ಗೊತ್ತಾಗುತ್ತದೆ. ಸುಮ್ಮನೆ ಕೂತೆ. ಮರುದಿನ ಬೆಳಿಗ್ಗೆ ಹಿಂದಿನ ಮೂಲೆಯ ಕೆಳಗೆ ನಿಂತು ಕತ್ತೆತ್ತಿದೆ. ಹೊಸ ಹಳದಿ ಬಣ್ಣ, ಸಾಲು ಸಾಲು. ಗುರುತು ಹಾಕಿದೆ.

ಹತ್ತು ಗಂಟೆ ಆಗಿರಬಹುದು. ನಾನು ಅದೇ ಮೂಲೆಯ ಕೆಳಗಿದ್ದೆ, ಪುಸ್ತಕ ಕೈಯಲ್ಲಿತ್ತು. ಮೇಲಿಂದ ಒಂದು ಸದ್ದು ಬಂತು. ದೊಡ್ಡದಲ್ಲ. ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲೆ ಇಟ್ಟಂತೆ, ಥಪ್. ತಲೆ ಎತ್ತಿದೆ. ಎರಡನೆಯ ಮಹಡಿಯ ಎತ್ತರದಲ್ಲಿ ಹಲಗೆಯ ಒಂದು ತುದಿ ಕೆಳಕ್ಕೆ ಬಾಗುತ್ತಿತ್ತು, ಬಹಳ ನಿಧಾನವಾಗಿ, ಹಾಗೆ ನನಗೆ ಕಂಡಿತು. ಅದರ ಮೇಲೆ ಶರಣಪ್ಪನ ಎರಡು ಕಾಲು. ಅವನು ಕರಣಿ ಬಿಟ್ಟು ಪೈಪು ಹಿಡಿದ. ಪೈಪೇ ಅವನ ಜೊತೆ ಬಂತು. ಅವನು ಕೆಳಗಿನ ಸಾಲಿಗೆ ಬಡಿದು, ಅಲ್ಲಿಂದ ಮರಳ ಗುಡ್ಡೆಯ ಅಂಚಿಗೆ ಬಿದ್ದ. ಪೈಪು ನನ್ನ ಎಡಭುಜದಿಂದ ಒಂದು ಮೊಳ ಆಚೆ ನೆಲಕ್ಕೆ ನೆಟ್ಟುಕೊಂಡು ನಡುಗುತ್ತಾ ನಿಂತಿತು. ಈಗಲೂ ಎಲ್ಲಾದರೂ ಕಬ್ಬಿಣ ಬಿದ್ದು ಗುಂಯ್ ಎಂದರೆ ನನ್ನ ಎಡಭುಜ ತಾನಾಗಿ ಒಳಕ್ಕೆ ಸರಿಯುತ್ತದೆ.

ಜನ ಓಡಿ ಬಂದರು. ಒಬ್ಬ ಶರಣಪ್ಪನ ಕಂಕುಳಿಗೆ ಕೈ ಹಾಕಿದ. ಇನ್ನೊಬ್ಬ ನೀರಿನ ಕ್ಯಾನು ತಂದ. ಏಳಿಸಿ ಕೂರಿಸಿ, ಗಾಳಿ ಬಿಡಿ, ನೀರು ಕುಡಿಸಿ, ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಮೇಸ್ತ್ರಿ ಎಲ್ಲಿಂದ ಬಂದರೋ ಕಾಣಲಿಲ್ಲ. ಎರಡೂ ಕೈ ಅಗಲಿಸಿ ಅವನ ಮೇಲೆ ಕವಿದುಕೊಂಡಂತೆ ನಿಂತರು.

"ಮುಟ್ಟಬ್ಯಾಡ್ರಿ. ಮುಟ್ಟಿದ್ರ ಕೈ ಮುರೀತೀನಿ."

ಕೂಗಲಿಲ್ಲ. ಬೆಂಚಿನ ಮೇಲೆ ಕೂತು ಮಾತಾಡುವ ದನಿಯೇ. ಎಲ್ಲರೂ ಹಿಂದೆ ಸರಿದರು.

ಅವರು ಮರಳಿನಲ್ಲಿ ಮಂಡಿಯೂರಿ ಅವನ ಮುಖದ ಮುಂದೆ ಮುಖ ತಂದರು. "ಶರಣ್ಯಾ, ನನ್ನ ಮಾರಿ ನೋಡು. ಆಕಡಿ ಈಕಡಿ ತಿರಗಬ್ಯಾಡ. ಕಾಲ ಹೆಬ್ಬಟ್ಟ ಆಡಸು." ಎಡಗಾಲ ಹೆಬ್ಬೆರಳು ಅಲುಗಿತು. ಬಲಗಾಲು ಮೊಣಕಾಲ ಕೆಳಗೆ ಬೇರೆಯೇ ದಿಕ್ಕಿಗಿತ್ತು. ಮೇಸ್ತ್ರಿ ಸುತ್ತ ನೋಡಿ ನನ್ನ ಕಡೆ ಬೆರಳು ಮಾಡಿ, ಹಿಂದಿಯಲ್ಲಿ, ತಲೆ ಹಿಡಿಯಿರಿ ಎಂದರು. ಕೈಯಲ್ಲಿದ್ದ ಪುಸ್ತಕವನ್ನು ಎಲ್ಲಿಡುವುದೆಂದು ನೋಡಿದೆ. ಮತ್ತೆ ಹೇಳಿದರು. ಹೋಗಿ ಮಂಡಿಯೂರಿ, ಶರಣಪ್ಪನ ಎರಡೂ ಕಿವಿಯ ಮೇಲೆ ಅಂಗೈ ಇಟ್ಟೆ. ಅವನ ಕಣ್ಣು ನನ್ನನ್ನು ನೋಡಿತು, ಬಾಯಿ ಏನೋ ಕೇಳಿತು, ದನಿ ಬರಲಿಲ್ಲ. ನನ್ನ ಬಾಯಿಂದ ತಾನಾಗಿ ಬಂತು:

"ಏನೂ ಆಗಿಲ್ಲಪ್ಪಾ, ಅಲ್ಲಾಡಬ್ಯಾಡ, ನಾ ಹಿಡಕೊಂಡೀನಿ."

ಮೇಸ್ತ್ರಿಯ ಕೈ ಒಂದು ಕ್ಷಣ ನಿಂತಿತು. ಅವರು ನನ್ನನ್ನು ನೋಡಿದರು. ಇಷ್ಟು ತಿಂಗಳು ಬೆಂಚಿನ ಮೇಲೆ ಆಡಿದ್ದೆಲ್ಲ, ನಿನ್ನೆ ಹಿಂದಿನ ಮೂಲೆಯ ಬಗ್ಗೆ ಆಡಿದ್ದೂ, ಅವರ ಕಣ್ಣಿನಲ್ಲಿ ಒಂದೊಂದಾಗಿ ಹಾದುಹೋಯಿತು. ಅಷ್ಟನ್ನೂ ನಾನು ಕಂಡೆ. ಆಮೇಲೆ ಕನ್ನಡದಲ್ಲಿ, ಊರಿನ ಶಾಲೆಯ ಟೀಚರಿಗೆ ಹೇಳುವಂತೆ ಹೇಳಿದರು, "ಅಕ್ಕಾರ, ಬಾಟ್ಲಿ ಹಿಡದಂಗ ಹಿಡೀಬ್ಯಾಡ್ರಿ. ತುಂಬಿದ ಕೊಡಾ ಹಿಡದಂಗ ಹಿಡೀರಿ."

ಸೆಂಟ್ರಿಂಗಿನ ಒಂದು ಪ್ಲೈವುಡ್ ಹಲಗೆ ತರಿಸಿದರು. ನಾಲ್ವರನ್ನು ಒಂದೇ ಪಕ್ಕಕ್ಕೆ ಕೂರಿಸಿ, ತಾವು ಎಣಿಸಿ, ಮೂರು ಎಂದಾಗ ಎಲ್ಲರೂ ಒಟ್ಟಿಗೆ ಅವನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಬೆನ್ನಿನಡಿ ಹಲಗೆ ಸರಿಸಿದರು. ತಲೆ ನನ್ನ ಕೈಯಲ್ಲಿ ಮೈಯ ಜೊತೆಗೇ ಹೊರಳಿತು. ಸಣ್ಣ ಚೀಲಗಳಿಗೆ ಮರಳು ತುಂಬಿಸಿ ತಲೆಯ ಎರಡೂ ಪಕ್ಕ ಒತ್ತಿ ಇಟ್ಟು, ತಮ್ಮ ರುಮಾಲು ಬಿಚ್ಚಿ ಹಣೆಯ ಮೇಲಿಂದ ಹಲಗೆಗೆ ಬಿಗಿದರು. ಮುರಿದ ಕಾಲಿಗೆ ಎರಡು ಮರದ ರಿಪೀಸು ಪಟ್ಟಿ. ನೀರು ತಂದವನಿಗೆ, "ಆಪರೇಶನ್ ಆಗಾದೈತಿ, ಬಾಯಿ ತೊಯ್ಸಬ್ಯಾಡ" ಎಂದರು. ಹೀಗೆ ಕಟ್ಟುವಾಗಲೇ ನಾನು ನೋಡಿದ್ದು: ಶರಣಪ್ಪನ ಸೊಂಟದಲ್ಲಿ ಸುರಕ್ಷತೆಯ ಬೆಲ್ಟು ಇತ್ತು. ಅದರ ಹಗ್ಗದ ಕೊಕ್ಕೆ, ನನ್ನ ಪಕ್ಕ ನೆಟ್ಟುಕೊಂಡಿದ್ದ ಪೈಪಿಗೇ ಸಿಕ್ಕಿಸಿತ್ತು. ಅವನು ಹೇಳಿಕೊಟ್ಟಂತೆಯೇ ಮಾಡಿದ್ದ. ಪೈಪು ಅವನನ್ನು ಹಿಡಿಯಲಿಲ್ಲ.

ಮ್ಯಾನೇಜರು ತಮ್ಮ ಕಾರು ತಂದರು. ಹಿಂದಿನ ಸೀಟಿನಲ್ಲಿ ಇವನನ್ನು ಕೂರಿಸಿಬಿಡಿ, ಹತ್ತಿರ ಗೊತ್ತಿರುವ ನರ್ಸಿಂಗ್ ಹೋಮ್ ಇದೆ ಎಂದರು. ಮೇಸ್ತ್ರಿ ಕಾರಿನ ಒಳಗೆ ಬಗ್ಗಿ ನೋಡಿದರು, ಬೆಂಚು ನೋಡುವ ಹಾಗೆ. "ಇದ್ರಾಗ ಹಲಗಿ ಹಿಡ್ಯಾಂಗಿಲ್ಲ" ಎಂದರು. ಇಟ್ಟಿಗೆ ಇಳಿಸುತ್ತಿದ್ದ ಟೆಂಪೋ ಖಾಲಿ ಮಾಡಿಸಿ, ಹಲಗೆ ಸಮೇತ ಏರಿಸಿ, ದೊಡ್ಡಾಸ್ಪತ್ರೆಗೆ ನಡೆ ಎಂದರು. ಅರ್ಧ ಊರು ದಾಟುವ ದಾರಿ. ನಾನು ತಲೆ ಹಿಡಿದೇ ಕೂತಿದ್ದೆ. ಪ್ರತಿ ಉಬ್ಬಿನಲ್ಲೂ ಮೇಸ್ತ್ರಿ ಚಾಲಕನ ಬೆನ್ನಿನ ತಗಡಿಗೆ ಬಡಿದು ನಿಧಾನ ಎನ್ನುತ್ತಿದ್ದರು.

ದಾರಿಯಲ್ಲಿ ತಾವಾಗಿಯೇ ಹೇಳಿದರು. "ನನ್ನ ತಮ್ಮ ಹಿಂಗ ಬಿದ್ದಿದ್ದ, ಜೀಡಿಮೆಟ್ಲಾದಾಗ. ಎಬ್ಬಿಸಿ ಕುಂದ್ರಿಸಿದ್ವಿ. ನೀರ ಕುಡಿಸಿದ್ವಿ. ಇಬ್ಬರ ನಡುವ ಸ್ಕೂಟರ್ ಮ್ಯಾಲ ಒಯ್ದ್ವಿ. ನಾನ ಹಿಂದ ಕುಂತಿದ್ದೆ. ಅಂವಾ ಉಳದ. ಕಾಲ ಉಳೀಲಿಲ್ಲ." ಮತ್ತೊಂದು ಉಬ್ಬಿಗೆ ತಗಡು ಬಡಿದು, "ಡಾಕ್ಟರ್ ಅಂದ್ರು, ಬಿದ್ದದ್ದಕ್ಕಲ್ಲ, ಎತ್ತಿದ್ದಕ್ಕ ಹೋಗೈತಿ ಅಂತ."

ಶರಣಪ್ಪನ ಬೆನ್ನಿನ ಒಂದು ಮೂಳೆ ಬಿರುಕು ಬಿಟ್ಟಿತ್ತು. ನರಕ್ಕೆ ಏನೂ ಆಗಿರಲಿಲ್ಲ. ಯಾರು ಹೀಗೆ ಕಟ್ಟಿ ತಂದದ್ದು ಎಂದು ವೈದ್ಯರು ಕೇಳಿದಾಗ ಮೇಸ್ತ್ರಿ, ಕೇಳಿದವರು ನಿಜವಾಗಿ ವೈದ್ಯರೇ ಹೌದೋ ಅಲ್ಲವೋ ಎಂದು ಅವರ ಕತ್ತಿನ ಸ್ಟೆತಸ್ಕೋಪನ್ನು ನೋಡುತ್ತಿದ್ದರು.

ಅವತ್ತು ಸಂಜೆ ಕೆಲಸದ ಜಾಗಕ್ಕೆ ವಾಪಸ್ ಬಂದಾಗ ಕೇಳಿದೆ. "ಮೇಸ್ತ್ರಿ, ಆ ಕ್ಲಾಂಪು ಎಲ್ಲಿಗಿ ಒಯ್ದ್ರಿ?"

"ಈಗ ಕೇಳಾಕತ್ತೀರೇನ್ರಿ?"

ಹಾರೆ ಹಿಡಿದು ಹಿಂದಿನ ಕಾಂಪೌಂಡಿನ ಹತ್ತಿರ ಕರೆದೊಯ್ದರು. ಪಾಯದ ಪಕ್ಕ ತುಂಬಿದ ಮಣ್ಣನ್ನು ಮೊಳದಷ್ಟು ಆಳ ಅಗೆದರು. ಹಾರೆಯ ತುದಿಗೆ ಕಬ್ಬಿಣ ತಾಗಿತು. ಒಂದೊಂದಾಗಿ ತೆಗೆದು ನನ್ನ ಕೈಗೆ ಕೊಟ್ಟರು. ಎಲ್ಲಕ್ಕೂ ಹೊಸ ಹಳದಿ ಬಣ್ಣ. ಉಗುರಿನಿಂದ ಬಣ್ಣ ಕೆರೆದರೆ ಕೆಳಗೆ ಕೂದಲಿನಂಥ ಬಿರುಕು. ಕೆಲವುಗಳ ನಟ್ಟಿನ ಎಳೆ ಸವೆದು ನುಣ್ಣಗಾಗಿತ್ತು. ಒಂದರ ಅಂಚಿನಲ್ಲಿ ಅರದಿಂದ ಉಜ್ಜಿದ ಸಣ್ಣ ಕಚ್ಚು.

"ಇದಕ್ಕ ನಾ ಗುರ್ತ ಮಾಡಿದ್ದೆ. ಕೆಟ್ಟೈತಿ ಅಂತ ಗೋದಾಮಿಗಿ ಮೂರ ಸಲ ವಾಪಸ್ ಕೊಟ್ಟೀನಿ. ಮೂರ ಸಲನೂ ಬಣ್ಣಾ ಬಳಕೊಂಡು ನನ್ನ ಕೈಗೇ ಬಂತು. ನಾಕನೇ ಸಲ ಕೊಡ್ಲಿಲ್ಲ, ಹೂತೆ. ಹೂತದ್ದು ತಿರಗಿ ಬರಾಂಗಿಲ್ಲಲ್ರಿ."

ಗುಮಾಸ್ತ ಅದನ್ನು ದುಡ್ಡಿಗೆ ಮಾಡಿದನೋ, ಸೋಮಾರಿತನಕ್ಕೋ, ಹೊಸದು ತರಿಸಲು ಹೇಳಿದರೆ ಮ್ಯಾನೇಜರು ಬೈಯುತ್ತಾರೆಂದೋ, ನನಗೆ ಇಂದಿಗೂ ಗೊತ್ತಿಲ್ಲ. ಅವನ ಮುಖ ನೆನಪಾದಾಗಲೆಲ್ಲ ಬೇರೆ ಬೇರೆ ಉತ್ತರ ಹೊಳೆಯುತ್ತದೆ.

"ನನಗ ಯಾಕ ಹೇಳಲಿಲ್ಲ?" ಎಂದೆ.

"ನೀವು ಗೋದಾಮಿನವರ ಮಂದಿ ಅಂದ್ಕೊಂಡಿದ್ದೆ. ದಿನಾ ಅವನ ಕೂಡ ಚಾ ಕುಡೀತಿದ್ರಿ." ಹಾರೆಯ ಮಣ್ಣು ಕೊಡವಿದರು. "ನೀವು ನನ್ನ ಕಳ್ಳ ಅಂದ್ಕೊಂಡ್ರಿ. ಇಬ್ಬರೂ ಬಡದು ನೋಡ್ಲಿಲ್ಲ."

ಅಪಘಾತವಾದ ಮೂರನೆಯ ದಿನ ಕಚೇರಿಯಲ್ಲಿ ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಕಾಗದ ಸಿದ್ಧವಾಗಿತ್ತು. ಕಾರ್ಮಿಕ ಇಲಾಖೆಯವರು ಬರುವ ಮೊದಲು ಮೇಸ್ತ್ರಿ ಅದಕ್ಕೆ ಹೆಬ್ಬೆಟ್ಟು ಒತ್ತಬೇಕು, ನಾನು ಸಾಕ್ಷಿಯೆಂದು ಸಹಿ ಹಾಕಬೇಕು. ಅಪಘಾತ ಆಯಿತು ಅಂತ ಅಷ್ಟೇ ಬರೆದಿದೆ ಎಂದರು ಮ್ಯಾನೇಜರು. ಮೇಸ್ತ್ರಿ ಕಾಗದವನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದರು. ವಾಸನೆಯನ್ನೂ ನೋಡುತ್ತಾರೇನೋ ಎಂದುಕೊಂಡೆ. ನನ್ನ ಕೈಗೆ ಕೊಟ್ಟರು. "ಅಕ್ಕಾರ ಓದ್ತಾರ. ಕನ್ನಡದಾಗ." ಮ್ಯಾನೇಜರು ನನ್ನ ಕಡೆ ತಿರುಗಿದರು. ನನಗೆ ಕನ್ನಡ ಬರುತ್ತದೆಂದು ಅವರಿಗೂ ಆಗಲೇ ಗೊತ್ತಾದದ್ದು.

ನಿಂತು ಓದಿದೆ. ಶರಣಪ್ಪ ಬೆಲ್ಟು ಹಾಕಿಕೊಂಡಿರಲಿಲ್ಲ ಎಂದಿತ್ತು. ಸಾರುವೆಯಿಂದ ಕ್ಲಾಂಪುಗಳನ್ನು ಕದ್ದದ್ದು ಸಾರುವೆಯ ಮೇಸ್ತ್ರಿ ಎಂದಿತ್ತು. ಅದಕ್ಕೆ ಆಧಾರ, ಸುರಕ್ಷತೆಯ ಮೇಲ್ವಿಚಾರಕಿ ಲಿಖಿತವಾಗಿ ಕೊಟ್ಟ ದೂರು. ಹಿಂದೆ ನನ್ನ ಆರು ಸಾಲು ಪಿನ್ನು ಹಾಕಿ ಸೇರಿಸಿತ್ತು. ಅದನ್ನೂ ಓದಿದೆ. ನನ್ನದೇ ಇಂಗ್ಲಿಷನ್ನು ಕನ್ನಡಕ್ಕೆ ತರುವಾಗ 'ಕಣ್ಣಾರೆ ಕಂಡಿದ್ದೇನೆ' ಎಂಬಲ್ಲಿ ನಾಲಿಗೆ ತಡವರಿಸಿತು. ಕಾಗದ ಹೀಗೇ ಹೋದರೆ ಶರಣಪ್ಪ ತನ್ನ ತಪ್ಪಿಗೆ ತಾನೇ ಬಿದ್ದವನಾಗುತ್ತಿದ್ದ, ಮೇಸ್ತ್ರಿ ಅವನನ್ನು ಬೀಳಿಸಿದವರಾಗುತ್ತಿದ್ದರು. ಎರಡಕ್ಕೂ ನಾನು ಸಾಕ್ಷಿ.

ಮೇಸ್ತ್ರಿ ಪೂರ್ತಿ ಕೇಳಿದರು. "ನಾ ಒತ್ತೂದಿಲ್ಲ" ಎಂದರು. ಆಮೇಲೆ ನನಗೆ, "ನೀವು?"

ಪೆನ್ನು ತೆಗೆದುಕೊಂಡೆ. ಅದೇ ಕಾಗದದ ಕೆಳಗೆ ಬರೆದೆ. ಬೆಲ್ಟು ಸೊಂಟದಲ್ಲಿತ್ತು, ಕೊಕ್ಕೆ ಬಿಚ್ಚಿಹೋದ ಪೈಪಿಗೇ ಇತ್ತು, ನಾನು ನೋಡಿದೆ. ಬಿರುಕು ಬಿಟ್ಟ ಕ್ಲಾಂಪುಗಳಿಗೆ ಬಣ್ಣ ಬಳಿದು ಮತ್ತೆ ಕೊಡಲಾಗುತ್ತಿತ್ತು, ಗುರುತು ಮಾಡಿದ್ದು ಸೇರಿ ಒಂದು ಚೀಲ ನನ್ನ ಬಳಿ ಇದೆ. ಹಿಂದಿನ ಮೂಲೆಯನ್ನು ನಾನು ಹತ್ತಿ ನೋಡದೆ ಸರಿಯಿದೆ ಎಂದು ಗುರುತು ಹಾಕಿದ್ದೇನೆ. ದಿನಾ ಹತ್ತಿ ನೋಡುತ್ತಿದ್ದ ಒಬ್ಬನೇ ಒಬ್ಬ ಮನುಷ್ಯನನ್ನು ತಡೆದದ್ದು ನನ್ನ ದೂರು.

ಮ್ಯಾನೇಜರು ಹೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಆ ತಿಂಗಳ ಕೊನೆಗೆ ನನ್ನ ಕೆಲಸ ಹೋಯಿತು. ಅಷ್ಟರಲ್ಲಿ ಇಲಾಖೆಯ ಅಧಿಕಾರಿ ಬಂದು, ಚೀಲ ಸುರಿಸಿ, ಒಂದೊಂದನ್ನೂ ಕೆರೆದು ನೋಡಿ ಹೋಗಿದ್ದರು. ಶರಣಪ್ಪನ ಚಿಕಿತ್ಸೆಯನ್ನು ಕಂಪನಿಯೇ ಮಾಡಿಸಿತು. ಮೇಸ್ತ್ರಿಯ ಮೇಲೆ ಕಳ್ಳತನದ ಮಾತು ಮತ್ತೆ ಬರಲಿಲ್ಲ.

ನನಗೆ ಅವರಿಂದ ಒಂದು ಒಳ್ಳೆಯ ಮಾತು ಬರುತ್ತದೆಂದು ಕಾದಿದ್ದೆ, ಸುಳ್ಳೇಕೆ ಹೇಳಲಿ. ನಾಲ್ಕು ದಿನದ ಮೇಲೆ ಸಿಕ್ಕಾಗ ಹೇಳಿದರು: ಆ ಕಾಗದದ ಜೆರಾಕ್ಸ್ ಹಿಡಿದು ಅವರು ಬಸ್ಸಿನಲ್ಲಿ ತಾರ್ನಾಕಕ್ಕೆ ಹೋಗಿದ್ದರಂತೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಅವರೂರಿನವರೊಬ್ಬರಿಂದ ಮತ್ತೊಮ್ಮೆ ಓದಿಸಿಕೊಂಡರಂತೆ. "ಎರಡೂ ಓದು ಒಂದ ಇದ್ವು" ಎಂದರು.

ಎರಡು ವರ್ಷದ ಮೇಲೆ ನನಗೆ ಬೇರೆ ಕಟ್ಟಡದಲ್ಲಿ ಕೆಲಸ ಸಿಕ್ಕಿತು. ಸಾರುವೆಗೆ ಅವರೇ ಬೇಕೆಂದು ಹೇಳಿಕಳಿಸಿದೆ. ಬಂದರು. ನಾನು ಅಷ್ಟರಲ್ಲಿ ಹತ್ತುವುದನ್ನು ಕಲಿತಿದ್ದೆ. ಪಾನಾದ ಏಟು, ಪೈಪಿಗೆ ಕಿವಿ, ಎಲ್ಲ. ಮೊದಲ ದಿನ ಅವರು ಬರುವ ಮೊದಲೇ ಇಡೀ ಒಂದು ಪಕ್ಕ ಬಡಿದು ಕೇಳಿ, ಬೆವರೊರೆಸಿಕೊಂಡು ಇಳಿದು, "ಮೇಸ್ತ್ರಿ, ಈ ಬಾಜೂ ನಾ ನೋಡೀನಿ" ಎಂದೆ. ಅವರು ನನ್ನ ಕಿವಿಯ ಮೇಲಿನ ತುಕ್ಕು ನೋಡಿದರು. ನಕ್ಕರೆಂದು ನನ್ನ ಅನುಮಾನ. ಚೀಲ ಸೊಂಟಕ್ಕೆ ಕಟ್ಟಿಕೊಂಡು ಅದೇ ಪಕ್ಕಕ್ಕೆ ಹತ್ತತೊಡಗಿದರು.

"ನಾ ನೋಡೀನಲ್ರಿ," ಎಂದೆ.

"ನೀವು ನೋಡೀರಿ. ನಾ ನೋಡಿಲ್ಲಲ್ರಿ."

ಕೆಳಗೆ ನಿಂತು ಅವರ ಏಟುಗಳನ್ನು ಎಣಿಸಿದೆ. ಟಣ್, ಟಣ್, ಟಣ್. ನಡುವೆ ಒಂದು ಕಡೆ ನಿಂತರು. ಮತ್ತೆ ಬಡಿದರು. ಪಾನಾ ಹಾಕಿ ಅರ್ಧ ಸುತ್ತು ತಿರುಗಿಸಿದರು. ಇಳಿದು ಬಂದು ಪಾನಾ ಒರೆಸಿಕೊಂಡು ಮುಂದಿನ ಪಕ್ಕಕ್ಕೆ ನಡೆದರು.

ಮೇಸ್ತ್ರಿ ತೀರಿಕೊಂಡ ಸುದ್ದಿಯನ್ನು ಶರಣಪ್ಪ ಫೋನಿನಲ್ಲಿ ಹೇಳಿದ. ಅವನು ಈಗ ಬಲಗಾಲು ಸ್ವಲ್ಪ ಎಳೆಯುತ್ತಾನೆ, ಆದರೆ ತನ್ನ ಕಾಲ ಮೇಲೆಯೇ ನಡೆಯುತ್ತಾನೆ. ಹೆಂಡತಿಯೂ ತವರಿನಿಂದ ಬಂದಿದ್ದಾಳೆ. ಮೇಸ್ತ್ರಿ ಬಿದ್ದು ಸಾಯಲಿಲ್ಲ. ಊರಲ್ಲಿ, ತಮ್ಮನ ಪಕ್ಕದ ಹಾಸಿಗೆಯಲ್ಲಿ, ಜ್ವರ ಬಂದು ಹೋದರು. "ಚಟ್ಟ ಕಟ್ಟೂಮುಂದ ನಾನ ಎಲ್ಲಾ ಗಂಟು ಜಗ್ಗಿ ನೋಡ್ದೆ ಅಕ್ಕಾರ," ಎಂದ ಶರಣಪ್ಪ. "ಇಲ್ಲಂದ್ರ ಎದ್ದು ಕುಂದ್ರತಿದ್ರು."

ಈಗ ನನ್ನ ಕೈಕೆಳಗೆ ನಾಲ್ಕು ಮಂದಿ ಎಂಜಿನಿಯರುಗಳಿದ್ದಾರೆ. ಒಬ್ಬರಿಗೂ ಕನ್ನಡ ಬರುವುದಿಲ್ಲ. ಬೆಳಿಗ್ಗೆ ಬಂದು, ಎಲ್ಲ ಪರಿಶೀಲಿಸಿದ್ದೇವೆ ಮೇಡಂ, ಸಹಿ ಹಾಕಿ ಎಂದು ಪುಸ್ತಕ ಚಾಚುತ್ತಾರೆ. ಒಳ್ಳೆಯ ಮಕ್ಕಳು. ಸುಳ್ಳು ಹೇಳುವವರಲ್ಲ. ನಾನು ಪಾನಾ ತೆಗೆದುಕೊಂಡು ಏಣಿಗೆ ಕಾಲಿಡುತ್ತೇನೆ. ಅವರಿಗೆ ಅರ್ಥವಾಗುವುದಿಲ್ಲವೆಂದು ಗೊತ್ತಿದ್ದೂ, ಕೆಳಗೆ ಗಾರೆ ಕಲಸುತ್ತಿರುವ ಯಾದಗಿರಿಯವರಿಗೆ ಕೇಳಿಸಲೆಂದೇ, ಗಟ್ಟಿಯಾಗಿ ಹೇಳುತ್ತೇನೆ.

"ನೀವು ನೋಡೀರಿ. ನಾ ನೋಡಿಲ್ಲ."